ಕೆರೆಯಂಚು: ಚೆಂದದ ಫೋಟೋ ಒಂದು ಬೇಡ, ಕೆಟ್ಟವು ನಾಲ್ಕು ಕಳಿಸಿ

ಈ ತಿಂಗಳು ನೀವು ಫೋಟೋ ಕಳಿಸಿ "ಇದು ಯಾವ ಹಕ್ಕಿ" ಅಂತ ಕೇಳಿದ ಪ್ರಶ್ನೆಗಳೆಲ್ಲ ಒಂದೇ ಬಗೆಯವು. ಕೆಸರಲ್ಲಿ ಓಡಾಡುವ, ಬೂದು ಕಂದು ಬಣ್ಣದ, ಒಂದನ್ನು ನೋಡಿದರೆ ಇನ್ನೊಂದು ಅನ್ನಿಸುವ ಹಕ್ಕಿಗಳು. ಭದ್ರಾ ನಾಲೆಗೆ ನೀರು ಬಿಟ್ಟು ಬೇಸಿಗೆ ಭತ್ತದ ನಾಟಿ ಶುರುವಾಯಿತೆಂದರೆ ದಾವಣಗೆರೆ ಸುತ್ತಿನ ಗದ್ದೆಗಳಿಗೆ ಇವು ಬಂದು ಸೇರುತ್ತವೆ. ಇವುಗಳ ಹಿಂದೆ ಕ್ಯಾಮೆರಾದವರೂ ಬರುತ್ತಾರೆ. ಪುಸ್ತಕಗಳಲ್ಲಿ ಇವಕ್ಕೆ ಗದ್ದೆಗೊರವ, ಉಲ್ಲಂಕಿ ಎಂದೆಲ್ಲ ಹೆಸರಿದೆ. ಇಲ್ಲಿ ಒಂದರಿಂದ ಇನ್ನೊಂದನ್ನು ಬೇರೆ ಮಾಡಬೇಕಲ್ಲ, ಅದಕ್ಕೆ ಹಕ್ಕಿ ನೋಡುವವರು ಬಾಯಲ್ಲಿ ಆಡುವ ಇಂಗ್ಲಿಷ್ ಹೆಸರನ್ನೇ ಬಳಸುತ್ತೇನೆ.

ಹೊಸಬರಿಗೆ ಒಂದು ಮಾತು. ನಾನು ಸ್ಟುಡಿಯೋದವನು. ಹೊಟ್ಟೆಪಾಡಿಗೆ ಮದುವೆ ಫೋಟೋ, ಮುಹೂರ್ತ ಇಲ್ಲದ ದಿನ ಹಕ್ಕಿ. ಹಾಗಾಗಿ ಉತ್ತರದಲ್ಲಿ ಹಕ್ಕಿಯಷ್ಟೇ ಫೋಟೋ ವಿಚಾರವೂ ಬರುತ್ತದೆ. ಸಹಿಸಿಕೊಳ್ಳಿ.

ಅಣ್ಣಾ, ಬಾತಿ ಕೆರೆ ಹತ್ತಿರದ ಗದ್ದೆಯಲ್ಲಿ ತೆಗೆದ ಮೂರು ಫೋಟೋ ಕಳಿಸಿದ್ದೇನೆ. ಮೂರೂ ಒಂದೇ ಹಕ್ಕಿ ಅಂದುಕೊಂಡಿದ್ದೆ. ಫೋನಿನ ಆ್ಯಪ್ ಒಂದಕ್ಕೆ ವುಡ್ ಸ್ಯಾಂಡ್‌ಪೈಪರ್, ಇನ್ನೊಂದಕ್ಕೆ ಗ್ರೀನ್ ಸ್ಯಾಂಡ್‌ಪೈಪರ್, ಮತ್ತೊಂದಕ್ಕೆ ಕಾಮನ್ ಸ್ಯಾಂಡ್‌ಪೈಪರ್ ಅನ್ನುತ್ತಿದೆ. ಯಾವುದನ್ನ ನಂಬಲಿ?
ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ತಂಗಿ, ಆ್ಯಪ್ ಮೂರರಲ್ಲಿ ಎರಡು ಸರಿ ಹೇಳಿದೆ. ಮೊದಲನೆಯ ಎರಡು ಫೋಟೋ ಒಂದೇ ಹಕ್ಕಿಯವು, ವುಡ್ ಸ್ಯಾಂಡ್‌ಪೈಪರ್. ಮೂರನೆಯದು ನಿಜಕ್ಕೂ ಕಾಮನ್. ಎರಡನೆಯ ಫೋಟೋ ತೆಗೆಯುವ ಹೊತ್ತಿಗೆ ಹಕ್ಕಿ ಬದುವಿನ ನೆರಳಿಗೆ ಹೋಗಿದೆ. ಬೆನ್ನು ಕಪ್ಪಾಗಿ ಚುಕ್ಕೆಗಳು ಮುಚ್ಚಿಹೋಗಿವೆ. ಕಪ್ಪು ಬೆನ್ನು ಕಂಡದ್ದೇ ಆ್ಯಪ್ ಗ್ರೀನ್ ಅಂದುಬಿಟ್ಟಿದೆ. ಪಾಪ, ಅದಕ್ಕೆ ಆ ಹಕ್ಕಿ ಅರ್ಧ ನಿಮಿಷದ ಹಿಂದೆ ಬಿಸಿಲಲ್ಲಿ ನಿಂತಿತ್ತು ಅನ್ನುವುದು ಗೊತ್ತಿಲ್ಲ. ನಿಮಗೆ ಗೊತ್ತಿದೆ.

ನೆರಳಲ್ಲೂ ಕೆಡದ ಗುರುತು ಹುಬ್ಬು. ವುಡ್‌ಗೆ ಬಿಳಿ ಹುಬ್ಬು ಕೊಕ್ಕಿನ ಬುಡದಲ್ಲಿ ಶುರುವಾಗಿ ಕಣ್ಣು ದಾಟಿ ಹಿಂದಕ್ಕೆ ಉದ್ದ ಹೋಗುತ್ತದೆ. ಗ್ರೀನ್‌ಗೆ ಆ ಬಿಳಿ ಕಣ್ಣಿನ ಮುಂದೆಯೇ ಮುಗಿಯುತ್ತದೆ. ಬದಲಿಗೆ ಕಣ್ಣಿನ ಸುತ್ತ ಬಿಳಿ ಬಳೆ ಎದ್ದು ಕಾಣುತ್ತದೆ. ನಿಮ್ಮ ಎರಡನೆಯ ಫೋಟೋ ಹಿಗ್ಗಿಸಿ ನೋಡಿ, ಕಣ್ಣಿನ ಹಿಂದೆ ಹುಬ್ಬು ಇದೆ. ಅಲ್ಲಿಗೆ ಮುಗಿಯಿತು.

ಆಮೇಲೆ ಎದೆ ನೋಡಿ. ಗ್ರೀನ್‌ನ ಎದೆಯ ಕಪ್ಪು, ಹೊಟ್ಟೆಯ ಬಿಳಿ ಶುರುವಾಗುವ ಕಡೆ ಥಟ್ಟನೆ ನಿಲ್ಲುತ್ತದೆ. ವುಡ್‌ನ ಎದೆಯ ಗೀರುಗಳು ಮಾಸುತ್ತಾ ಮಾಸುತ್ತಾ ಹೊಟ್ಟೆಗೆ ಸೇರುತ್ತವೆ. ಬೆನ್ನಿನ ಚುಕ್ಕೆಯಲ್ಲೂ ವ್ಯತ್ಯಾಸ ಇದೆ. ವುಡ್‌ಗೆ ಚುಕ್ಕೆ ದೊಡ್ಡವು, ಜಾಸ್ತಿ. ಗ್ರೀನ್‌ಗೆ ಸಣ್ಣವು, ದೂರದಿಂದ ಕಾಣುವುದೇ ಇಲ್ಲ. ಕಾಲು ವುಡ್‌ಗೆ ಹಳದಿ, ಸ್ವಲ್ಪ ಉದ್ದ. ಗ್ರೀನ್‌ಗೆ ಮಂಕು ಹಸಿರು. ಆದರೆ ಕಾಲಿನ ಬಣ್ಣವನ್ನು ಕೊನೆಗೆ ನೋಡಿ, ಯಾಕೆ ಅಂತ ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

ಹಾರುವಾಗ ತೆಗೆದ ಮಸುಕು ಫೋಟೋ ಇದ್ದರಂತೂ ಇನ್ನೂ ಸುಲಭ. ಇವೆರಡಕ್ಕೂ ಬಾಲದ ಮೇಲೆ ಬಿಳಿ ಇದೆ. ಅದನ್ನು ಬಿಟ್ಟು ರೆಕ್ಕೆಯ ಅಡಿ ನೋಡಿ. ಗ್ರೀನ್‌ಗೆ ರೆಕ್ಕೆಯ ಅಡಿ ಕಪ್ಪು, ವುಡ್‌ಗೆ ತಿಳಿ. ಗ್ರೀನ್ ಎದ್ದು ಹಾರಿದರೆ ಬರೀ ಕಪ್ಪು ಬಿಳುಪಿನ ಹಕ್ಕಿಯಾಗಿ ಕಾಣುತ್ತದೆ. ನೀವು ಡಿಲೀಟ್ ಮಾಡಿದೆ ಅಂತ ಬರೆದಿದ್ದೀರಲ್ಲ, "ಹಾರಿಹೋದ, ಶೇಕ್ ಆದ ಫೋಟೋ", ನನಗೆ ಬೇಕಿದ್ದದ್ದು ಅದೇ.

ಮೂರನೆಯದು ಬೇರೆ ದಾರಿ. ಕಾಮನ್‌ಗೆ ಮಡಿಸಿದ ರೆಕ್ಕೆಯ ಮುಂದೆ, ಹೆಗಲ ಹತ್ತಿರ, ಹೊಟ್ಟೆಯ ಬಿಳಿ ಮೇಲಕ್ಕೆ ಚೂಪಾಗಿ ಏರುತ್ತದೆ. ಈ ಬಿಳಿ ಮೂಲೆ ಉಳಿದ ಎರಡಕ್ಕೂ ಇಲ್ಲ. ಬಾಲ ರೆಕ್ಕೆಯ ತುದಿ ದಾಟಿ ಸಾಕಷ್ಟು ಹಿಂದಕ್ಕೆ ಬಂದಿರುತ್ತದೆ. ಹಾರಿದಾಗ ಬೆನ್ನು ಬಾಲ ಎಲ್ಲ ಕಂದು, ಬಾಲದ ಮೇಲೆ ಬಿಳಿ ಇಲ್ಲ, ರೆಕ್ಕೆಯ ಮೇಲೆ ಒಂದು ಬಿಳಿ ಪಟ್ಟಿ. ಎದುರಿಗೆ ಇದ್ದಾಗ ಹಿಂಭಾಗ ಕುಣಿಸುವುದರಲ್ಲೇ ಗೊತ್ತಾಗುತ್ತದೆ. ಫೋಟೋದಲ್ಲಿ ಕುಣಿತ ಬರುವುದಿಲ್ಲ, ಅದಕ್ಕೆ ಅಲ್ಲೇ ಒಂದು ಸಾಲು ಬರೆದಿಟ್ಟುಕೊಳ್ಳಿ. ಹತ್ತು ಸೆಕೆಂಡಿನ ವಿಡಿಯೋ ತೆಗೆದರೆ ಇನ್ನೂ ವಾಸಿ.

ಜಾಗವೂ ಸ್ವಲ್ಪ ಹೇಳುತ್ತದೆ. ನಾಟಿ ಗದ್ದೆಯಲ್ಲಿ ಐದಾರು ಒಟ್ಟಿಗೆ ಚದುರಿಕೊಂಡು ಮೇಯುತ್ತಿದ್ದರೆ ಸಾಮಾನ್ಯವಾಗಿ ವುಡ್. ತೂಬಿನ ಕೆಳಗಿನ ಸಣ್ಣ ಕಾಲುವೆಯಲ್ಲಿ ಒಂದೇ ಒಂದು ಇದ್ದು, ನೀವು ಹತ್ತಿರ ಹೋದರೆ ಜೋರಾಗಿ ಕೂಗಿ ಮೇಲಕ್ಕೆ ಎದ್ದು ಹೋದರೆ ಗ್ರೀನ್ ಇರಬಹುದು. ಆದರೆ ಜಾಗ ನೋಡಿಯೇ ಹೆಸರು ಬರೆಯಬೇಡಿ. ಹಕ್ಕಿಗೆ ಪುಸ್ತಕ ಓದಿ ಗೊತ್ತಿಲ್ಲ.

ಸಾರ್, ಗದ್ದೆಗೆ ಕೇಜ್‌ವೀಲ್ (ಕೆಸರಿಗೆ ಇಳಿಸುವ ಕಬ್ಬಿಣದ ಚಕ್ರ) ಹೊಡೆಸುವಾಗ ಟ್ರಾಕ್ಟರ್ ಹಿಂದೆ ಗುಬ್ಬಿಯಷ್ಟೇ ಇರುವ ಹಕ್ಕಿಗಳು ಬರುತ್ತವೆ. ಮಗ ಫೋನಲ್ಲಿ ತೆಗೆದಿದ್ದಾನೆ. ಕೊಕ್ಕರೆಗಳಿಗೆ ಮರಿ ಅಂದುಕೊಂಡಿದ್ದೆವು, ಮಗ ಅಲ್ಲ ಅನ್ನುತ್ತಾನೆ. ಇವು ಸಸಿಗೆ ತೊಂದರೆ ಮಾಡುತ್ತವಾ?
ರೈತರು, ಮಲೇಬೆನ್ನೂರು ಕಡೆ

ಯಜಮಾನರೇ, ಮೊದಲು ಸಸಿ ವಿಚಾರ. ತೊಂದರೆ ಇಲ್ಲ. ಚಕ್ರ ಮಣ್ಣು ಮಗುಚಿದಾಗ ಮೇಲೆ ಬರುವ ಹುಳ ಹುಪ್ಪಟೆಗೆ ಅವು ಬರುವುದು. ಸಸಿ ಮುಟ್ಟುವುದಿಲ್ಲ.

ಮಗ ಹೇಳಿದ್ದೂ ಸರಿ. ಇವು ಮರಿಗಳಲ್ಲ, ಬೆಳೆದ ಹಕ್ಕಿಗಳೇ. ಇವಕ್ಕೆ ಸ್ಟಿಂಟ್ ಅನ್ನುತ್ತಾರೆ. ಉದ್ದ 13-14 ಸೆಂಟಿಮೀಟರ್. ಉತ್ತರದ ತುದಿಯ ಹಿಮದ ಸೀಮೆಯಲ್ಲಿ ಮೊಟ್ಟೆಯಿಟ್ಟು, ಸಾವಿರಾರು ಕಿಲೋಮೀಟರ್ ಹಾರಿ ನಿಮ್ಮ ಗದ್ದೆಗೆ ಬಂದಿವೆ. ನಮ್ಮಲ್ಲಿ ಕಾಣುವುದು ಎರಡು ಜಾತಿ, ಲಿಟಲ್ ಸ್ಟಿಂಟ್ ಮತ್ತು ಟೆಮಿಂಕ್ಸ್ ಸ್ಟಿಂಟ್.

ಪುಸ್ತಕ ತೆಗೆದರೆ ಮೊದಲ ಸಾಲಲ್ಲೇ ಇರುತ್ತದೆ: ಲಿಟಲ್‌ಗೆ ಕಾಲು ಕಪ್ಪು, ಟೆಮಿಂಕ್ಸ್‌ಗೆ ಹಳದಿ ಮಿಶ್ರಿತ ಹಸಿರು. ಸರಿಯೇ. ಆದರೆ ನಿಮ್ಮ ಗದ್ದೆ ಎಂಥದ್ದು? ಎರೆಮಣ್ಣು, ಅದರ ಮೇಲೆ ಈಗ ತಾನೇ ಕಲಕಿದ ನೀರು. ಅದರಲ್ಲಿ ಓಡಾಡಿದ ಹಳದಿ ಕಾಲು ಕಪ್ಪು ಕಾಲೇ ಆಗುತ್ತದೆ. ನನಗೆ ಬರುವ "ಲಿಟಲ್ ಸ್ಟಿಂಟ್" ಫೋಟೋಗಳಲ್ಲಿ ಎಷ್ಟೋ ಟೆಮಿಂಕ್ಸ್ ಇರುವುದು ಇದೇ ಕಾರಣಕ್ಕೆ. ಬೆಳಕೂ ಹೀಗೇ ಆಟ ಆಡುತ್ತದೆ. ಮಂಟಪದ ಹಳದಿ ಲೈಟಿನ ಕೆಳಗೆ ಮದುಮಗಳ ಬಿಳಿ ಸೀರೆ ಕೆನೆಬಣ್ಣ ಆಗುವ ಹಾಗೆ, ಸಂಜೆ ಐದೂವರೆಯ ಬಿಸಿಲಲ್ಲಿ ಬೂದು ಕಾಲು ಹಳದಿ ಆಗುತ್ತದೆ. ಅದಕ್ಕೆ ನಾನು ಮೊದಲು ಹಕ್ಕಿಯ ಹೊಟ್ಟೆ ನೋಡುತ್ತೇನೆ. ಬಿಳಿ ಇರಬೇಕಾದ ಹೊಟ್ಟೆಯೇ ಹಳದಿ ಕಂಡರೆ ಆ ಫೋಟೋದ ಯಾವ ಬಣ್ಣವನ್ನೂ ನಂಬುವುದಿಲ್ಲ.

ಮಗನಿಗೆ ಹೇಳಿ, ಕಾಲು ಬಿಟ್ಟು ಎದೆ ನೋಡಲಿ. ಟೆಮಿಂಕ್ಸ್‌ಗೆ ಎದೆಯ ಅಡ್ಡಕ್ಕೆ ಬೂದು ಕಂದು ಬಣ್ಣ ಪೂರ್ತಿ ಹರಡಿರುತ್ತದೆ. ಲಿಟಲ್‌ಗೆ ಎದೆಯ ಎರಡು ಬದಿ ಮಾತ್ರ ಮಾಸಲು, ನಡುವೆ ಬಿಳಿ. ಟೆಮಿಂಕ್ಸ್‌ನ ಬೆನ್ನು ಸಾದಾ, ಬಾಲ ರೆಕ್ಕೆಯ ತುದಿಗಿಂತ ಸ್ವಲ್ಪ ಹೊರಗೆ ಚಾಚಿರುತ್ತದೆ, ಹಾರಿದಾಗ ಬಾಲದ ಅಂಚು ಅಚ್ಚ ಬಿಳಿ. ಲಿಟಲ್‌ಗೆ ಬಾಲದ ಅಂಚು ಬೂದು. ಸೆಪ್ಟೆಂಬರ್ ಹೊತ್ತಿಗೆ ಬರುವ, ಆಯಾ ವರ್ಷ ಹುಟ್ಟಿದ ಲಿಟಲ್ ಮರಿಗಳಿಗೆ ಬೆನ್ನ ಮೇಲೆ ಬಿಳಿ ಗೆರೆ ಎರಡು ಸೇರಿ ಇಂಗ್ಲಿಷಿನ ವಿ ಆಗಿರುತ್ತದೆ. ನಡೆಯೂ ಬೇರೆ. ಲಿಟಲ್ ಬಯಲು ಕೆಸರಲ್ಲಿ ಗುಂಪಾಗಿ ಓಡಿ ಓಡಿ ಕುಕ್ಕುತ್ತದೆ. ಟೆಮಿಂಕ್ಸ್ ಹುಲ್ಲಂಚಲ್ಲಿ ತಗ್ಗಿಕೊಂಡು ನಿಧಾನಕ್ಕೆ ಮೇಯುತ್ತದೆ.

ಮಗ ಕಳಿಸಿದ ಐದರಲ್ಲಿ ನಾಲ್ಕು ಲಿಟಲ್. ಬದುವಿಗೆ ಅಂಟಿಕೊಂಡ ಒಂಟಿ ಹಕ್ಕಿ ಟೆಮಿಂಕ್ಸ್. ಹುಡುಗನ ಕಣ್ಣು ಚುರುಕಾಗಿದೆ.

ವಾಣಿವಿಲಾಸ ಸಾಗರದ ಹಿನ್ನೀರಿನ ದಂಡೆಯಲ್ಲಿ ತೆಗೆದದ್ದು. ಎದೆಯ ಪಟ್ಟಿ ನಡುವೆ ಕಡಿದಿದೆ, ಹಾಗಾಗಿ ಕೆಂಟಿಶ್ ಪ್ಲವರ್ ಅಂತ ಪಟ್ಟಿಯಲ್ಲಿ ಬರೆದುಕೊಂಡೆ. ಗೆಳೆಯರು ಇದು ಲಿಟಲ್ ರಿಂಗ್ಡ್ ಅನ್ನುತ್ತಾರೆ. ಇನ್ನೊಂದು, ಮೊದಲು ಕಾಣುತ್ತಿದ್ದಷ್ಟು ಹಕ್ಕಿ ಈಗ ಕಾಣುವುದಿಲ್ಲ ಯಾಕೆ?
ಪ್ರೌಢಶಾಲಾ ಶಿಕ್ಷಕರು, ಹಿರಿಯೂರು

ಮೇಷ್ಟ್ರೇ, ಗೆಳೆಯರ ಮಾತೇ ಸರಿ. ಆದರೆ ನಿಮ್ಮ ಅನುಮಾನಕ್ಕೂ ಕಾರಣ ಇದೆ. ಬೆಳೆದ ಲಿಟಲ್ ರಿಂಗ್ಡ್ ಪ್ಲವರ್‌ಗೆ, ನಾವು ಎಲ್‌ಆರ್‌ಪಿ ಅನ್ನುವ ಹಕ್ಕಿಗೆ, ಎದೆಯ ಪಟ್ಟಿ ಪೂರ್ತಿ ಇರುತ್ತದೆ, ಕಣ್ಣಿನ ಸುತ್ತ ಹಳದಿ ಬಳೆ ಹೊಳೆಯುತ್ತದೆ. ಮರಿ ಹಕ್ಕಿಗೆ ಪಟ್ಟಿ ಕಪ್ಪಲ್ಲ, ಕಂದು. ಎಷ್ಟೋ ಸಲ ನಡುವೆ ಕಡಿದಿರುತ್ತದೆ. ಕಣ್ಣಿನ ಬಳೆಯೂ ಮಂಕು. ಪಟ್ಟಿ ಒಂದನ್ನೇ ನೋಡಿದರೆ ಅದು ಕೆಂಟಿಶ್ ಆಗಿಬಿಡುತ್ತದೆ.

ಹಣೆ ಮತ್ತು ಕಣ್ಣಿನ ಹಿಂಭಾಗ ನೋಡಿ. ಕೆಂಟಿಶ್‌ಗೆ ಕಣ್ಣಿನ ಮೇಲೆ ಬಿಳಿ ಹುಬ್ಬು ಸ್ಪಷ್ಟವಾಗಿ ಹಿಂದಕ್ಕೆ ಹೋಗುತ್ತದೆ, ಮುಖ ತೆರೆದುಕೊಂಡಂತೆ ಕಾಣುತ್ತದೆ. ಎಲ್‌ಆರ್‌ಪಿ ಮರಿಗೆ ಆ ಹುಬ್ಬು ಇಲ್ಲದಷ್ಟು ಕಡಿಮೆ, ಕಂದು ಟೋಪಿ ಹಾಕಿದಂತಿರುತ್ತದೆ. ಕಾಲು ಕೆಂಟಿಶ್‌ಗೆ ಕಪ್ಪಾಗಿ ಉದ್ದ, ಎಲ್‌ಆರ್‌ಪಿಗೆ ಮಾಸಲು ಹಳದಿ ಅಥವಾ ನಸುಗೆಂಪು. ಮರಳಿನ ದಂಡೆಯಲ್ಲಿ ತೆಗೆದದ್ದರಿಂದ ಇಲ್ಲಿ ಕಾಲಿಗೆ ಕೆಸರಿಲ್ಲ, ಬಣ್ಣ ನಂಬಬಹುದು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ರೆಕ್ಕೆ ಬಿಚ್ಚಿದ ಫೋಟೋ. ಕೆಂಟಿಶ್‌ಗೆ ರೆಕ್ಕೆಯ ಮೇಲೆ ಬಿಳಿ ಪಟ್ಟಿ ಇದೆ, ಎಲ್‌ಆರ್‌ಪಿಗೆ ಇಲ್ಲ. ನಿಮ್ಮ ಕೊನೆಯ ಫೋಟೋದಲ್ಲಿ ಹಕ್ಕಿ ಮೈ ಮುರಿಯುತ್ತಾ ಒಂದು ರೆಕ್ಕೆ ಎತ್ತಿದೆ. ಪಟ್ಟಿ ಇಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕಾರ್ಡ್‌ನಲ್ಲೇ ಇತ್ತು.

ಎರಡನೆಯ ಪ್ರಶ್ನೆಗೆ ಉತ್ತರ ನೀರು. 1907ರಲ್ಲಿ ಮುಗಿದ ಅಣೆಕಟ್ಟು, ತುಂಬಿದ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಆ ನಡುವೆ ಹಿನ್ನೀರು ಹಿಂದೆ ಸರಿದ ವರ್ಷಗಳಲ್ಲಿ ಅಂಗಳ ಬಯಲಾಗಿ ಕೆಸರು ಸಿಗುತ್ತಿತ್ತು. ಈ ಹಕ್ಕಿಗಳಿಗೆ ಬೇಕಾದದ್ದು ನೀರಲ್ಲ, ನೀರು ಬಿಟ್ಟುಹೋದ ಜಾಗ. ಸಾಗರ ತುಂಬಿ ನೀರು ಗಿಡಗಂಟಿಯವರೆಗೆ ಬಂದರೆ ಕಾಲಿಡಲು ಕೆಸರೇ ಇರುವುದಿಲ್ಲ. ಹಿರಿಯೂರಿನವರಾಗಿ ನೀವು ಕೋಡಿ ನೋಡಿ ಖುಷಿಪಟ್ಟಿರುತ್ತೀರಿ, ನಾನೂ ನೋಡಲು ಬಂದಿದ್ದೆ. ಹಕ್ಕಿ ಬೇಕಾದರೆ ಮಟ್ಟ ಇಳಿಯುವ ಏಪ್ರಿಲ್‌ನಲ್ಲಿ ನೋಡಿ. ಆಗ ಕೆಲವು ವೇಡರ್‌ಗಳು, ಅಂದರೆ ಕೆಸರಲ್ಲಿ ನಡೆದು ಮೇಯುವ ಇಂಥ ಹಕ್ಕಿಗಳು, ಊರಿಗೆ ಹೊರಡುವ ಮುಂಚೆ ಮದುವೆ ಬಣ್ಣಕ್ಕೆ ತಿರುಗಿರುತ್ತವೆ, ಗುರುತಿಸುವುದೂ ಸುಲಭ.

ಮಲ್ಲಾಪುರ ಕೆರೆಯಲ್ಲಿ ತೆಗೆದ ಬೆಳ್ಳನೆಯ ಹಕ್ಕಿ. ಗ್ರೀನ್‌ಶ್ಯಾಂಕ್ ಅಥವಾ ಮಾರ್ಶ್ ಸ್ಯಾಂಡ್‌ಪೈಪರ್? ಪಕ್ಕದಲ್ಲಿ ಮೆಟ್ಟುಗಾಲು ಹಕ್ಕಿ ಇದೆ. ಅದಕ್ಕೆ ಸಮ ಕಾಣುತ್ತದೆ, ಹಾಗಾದರೆ ಗ್ರೀನ್‌ಶ್ಯಾಂಕ್ ಅಲ್ವಾ ಸರ್?
ಹವ್ಯಾಸಿ ಛಾಯಾಗ್ರಾಹಕರು, ಚಿತ್ರದುರ್ಗ

"ಪಕ್ಕದಲ್ಲಿ" ಅನ್ನುವುದೇ ಇಲ್ಲಿ ತಕರಾರು. ಉದ್ದ ಲೆನ್ಸ್ ಹಿಂದಿನದನ್ನೂ ಮುಂದಿನದನ್ನೂ ಒಂದೇ ಕಡೆ ತಂದು ನಿಲ್ಲಿಸುತ್ತದೆ. ನಿಮ್ಮ ಫೋಟೋದಲ್ಲಿ ಎರಡು ಹಕ್ಕಿಯ ಕಾಲು ನೀರಿಗೆ ತಾಗುವ ಜಾಗ ನೋಡಿ. ಮೆಟ್ಟುಗಾಲಿನದು ಫ್ರೇಮಿನಲ್ಲಿ ಎಷ್ಟೋ ಮೇಲಿದೆ. ಅಂದರೆ ಅದು ಹಿಂದೆ ದೂರದಲ್ಲಿದೆ, ನಿಮ್ಮ ಹಕ್ಕಿ ಹತ್ತಿರ. ಕಾಲುಗಳು ಒಂದೇ ಸಾಲಿನಲ್ಲಿದ್ದರೆ ಮಾತ್ರ ಗಾತ್ರ ಹೋಲಿಸಿ. ಗ್ರೀನ್‌ಶ್ಯಾಂಕ್ 30ರಿಂದ 35 ಸೆಂಟಿಮೀಟರ್, ಮಾರ್ಶ್ 22ರಿಂದ 26. ಎದುರೆದುರು ಇದ್ದರೆ ಅನುಮಾನವೇ ಬರುವುದಿಲ್ಲ. ಒಂಟಿಯಾಗಿದ್ದರೆ ಗಾತ್ರ ಅನ್ನುವುದು ಬರೀ ಊಹೆ.

ಕೊಕ್ಕಿನ ಉದ್ದ ಅಳೆದೂ ಲಾಭ ಇಲ್ಲ. ಎರಡಕ್ಕೂ ಕೊಕ್ಕು ತಲೆಗಿಂತ ಉದ್ದ. ದಪ್ಪ ನೋಡಿ. ಗ್ರೀನ್‌ಶ್ಯಾಂಕ್‌ಗೆ ಬುಡದಲ್ಲಿ ದಪ್ಪ, ಬುಡದ ಬಣ್ಣ ಬೂದು, ತುದಿ ಸ್ವಲ್ಪ ಮೇಲಕ್ಕೆ. ಮಾರ್ಶ್‌ಗೆ ಬುಡದಿಂದಲೇ ಸಣ್ಣ, ನೇರ, ಕಪ್ಪು. ಆಮೇಲೆ ಕಾಲು. ಮಾರ್ಶ್‌ಗೆ ಮಂಡಿಯ ಮೇಲಿನ ಭಾಗವೂ ಉದ್ದ, ಸಣ್ಣ ಮೈಯನ್ನು ಎತ್ತರದ ಮೇಲೆ ಇಟ್ಟ ಹಾಗಿರುತ್ತದೆ. (ಹಕ್ಕಿಯ ಕಾಲಲ್ಲಿ ನಾವು ಮಂಡಿ ಅನ್ನುವುದು ನಿಜಕ್ಕೂ ಹಿಮ್ಮಡಿಯ ಗಂಟು. ಅದಕ್ಕೇ ಅದು ಹಿಂದಕ್ಕೆ ಮಡಿಯುತ್ತದೆ. ಮಂಡಿ ಪುಕ್ಕದೊಳಗೆ ಅಡಗಿರುತ್ತದೆ.) ಹಾರುವಾಗ ಎರಡಕ್ಕೂ ಬೆನ್ನ ಮೇಲೆ ಬಿಳಿ ಬೆಣೆ ಇದೆ, ಅದು ಉಪಯೋಗಕ್ಕೆ ಬರುವುದಿಲ್ಲ. ಆದರೆ ಮಾರ್ಶ್‌ನ ಕಾಲು ಬಾಲ ದಾಟಿ ಜಾಸ್ತಿ ಹೊರಗೆ ಚಾಚುತ್ತದೆ.

ನಿಮ್ಮದು ಮಾರ್ಶ್. ಬೆಳ್ಳಗೆ ಕಾಣುತ್ತಿರುವುದರಲ್ಲಿ ಅರ್ಧ ಕ್ಯಾಮೆರಾದ ಕೊಡುಗೆ. ಕಪ್ಪು ನೀರು ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ತೆಗೆದುಕೊಂಡಿದೆ, ಬೆನ್ನಿನ ಗರಿಗಳ ಅಂಚೆಲ್ಲ ಸುಟ್ಟುಹೋಗಿದೆ. ಇಂಥ ಹಕ್ಕಿಗೆ ಎಕ್ಸ್‌ಪೋಷರ್ ಮೈನಸ್ 0.7ಕ್ಕೆ ಇಳಿಸಿ. ಕಪ್ಪಾದ ಫೋಟೋವನ್ನು ಆಮೇಲೆ ಎತ್ತಬಹುದು. ಸುಟ್ಟ ಬಿಳಿಯಿಂದ ಒಂದು ಗರಿಯೂ ವಾಪಸ್ ಬರುವುದಿಲ್ಲ.

ಹರಿಹರದ ಹೊಳೆಯ ಹತ್ತಿರ ಟಿಟ್ಟಿಭ ಎರಡು ಥರ ಕಂಡವು. ಗಂಡು ಹೆಣ್ಣೋ, ಬೇರೆ ಬೇರೆಯೋ?
ಗೃಹಿಣಿ, ಹರಿಹರ

ಬೇರೆ ಬೇರೆ ಅಮ್ಮಾ. ಕಣ್ಣಿನ ಮುಂದೆ ಕೆಂಪು ಚರ್ಮ, ಕಪ್ಪು ಎದೆ ಇದ್ದದ್ದು ಕೆಂಪು ಟಿಟ್ಟಿಭ. ಹಳದಿ ಚರ್ಮ ಜೋತುಬಿದ್ದು, ತಲೆಯ ಮೇಲೆ ಕಪ್ಪು ಟೋಪಿ, ಎದೆ ಕಂದು ಇದ್ದದ್ದು ಹಳದಿ ಟಿಟ್ಟಿಭ. ಕೆಂಪಿನದಕ್ಕೆ ನೀರಿನ ಆಸುಪಾಸು ಬೇಕು, ಹಳದಿಯದು ಒಣ ಬಯಲಿನದು. ಚಿತ್ರದುರ್ಗದ ಕಡೆಯ ಬೀಳುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಇವೆರಡೂ ನೆಲದ ಮೇಲೆ, ಕಲ್ಲಿನ ನಡುವೆಯೇ ಮೊಟ್ಟೆ ಇಡುತ್ತವೆ. ತಲೆಯ ಮೇಲೆ ಸುತ್ತುತ್ತಾ ಕಿರುಚಿದರೆ ಗೂಡು ಹತ್ತಿರ ಇದೆ ಅಂತ ಅರ್ಥ. ಬಂದ ದಾರಿಯಲ್ಲೇ ವಾಪಸ್ ಹೋಗಿ. ಗೂಡಿನ ಫೋಟೋ ನನಗೆ ಕಳಿಸಬೇಡಿ, ಈ ಪುಟದಲ್ಲಿ ಹಾಕುವುದಿಲ್ಲ.

ಕೊಂಡಜ್ಜಿ ಕೆರೆಯ ಹಕ್ಕಿ ಇದು. ಕಾಲು ಕಿತ್ತಳೆ ಕೆಂಪು. ರೆಡ್‌ಶ್ಯಾಂಕ್ ಅಂತ ಹಾಕಿದರೆ ಗುಂಪಿನಲ್ಲಿ ಎಲ್ಲರೂ ನಕ್ಕರು. ತಪ್ಪೇನು?
ಬ್ಯಾಂಕ್ ಉದ್ಯೋಗಿ, ದಾವಣಗೆರೆ

ನಗುವವರು ನಗಲಿ ಬಿಡಿ, ಕಾರಣ ಹೇಳದೆ ನಗುವುದು ಸುಲಭ. ಇದು ರಫ್. ಈ ಹಕ್ಕಿಯ ಕಾಲಿಗೆ ಒಂದು ಬಣ್ಣ ಅಂತ ಇಲ್ಲ. ಕಿತ್ತಳೆ, ಹಳದಿ, ಹಸಿರು, ಎಲ್ಲ ಇರುತ್ತದೆ. ಒಂದೇ ಗುಂಪಿನಲ್ಲಿ ಮೂರು ಬಣ್ಣದ ಕಾಲು ಕಂಡರೆ ಮೊದಲು ರಫ್ ನೆನಪು ಮಾಡಿಕೊಳ್ಳಿ. ಗಾತ್ರವೂ ಮೋಸ ಮಾಡುತ್ತದೆ. ಗಂಡು ಹೆಣ್ಣಿಗಿಂತ ಎಷ್ಟೋ ದೊಡ್ಡದು, ಎರಡು ಜಾತಿ ಅನ್ನಿಸುವಷ್ಟು.

ಆಕಾರ ನೋಡಿದರೆ ತಪ್ಪುವುದಿಲ್ಲ. ರಫ್‌ಗೆ ಸಣ್ಣ ತಲೆ, ಉದ್ದ ಕತ್ತು, ಮುಂದೆ ಬಂದ ಹೊಟ್ಟೆ. ಕೊಕ್ಕು ಗಿಡ್ಡ, ತುಸು ಕೆಳಗೆ ಬಾಗಿದೆ. ಬೆನ್ನಿನ ಪ್ರತಿ ಗರಿಗೂ ತಿಳಿ ಅಂಚು, ಮೀನಿನ ಹುರುಪೆಯ ವಿನ್ಯಾಸ. ರೆಡ್‌ಶ್ಯಾಂಕ್‌ಗೆ ಕೊಕ್ಕು ನೇರ, ಬುಡ ಕೆಂಪು, ಬೆನ್ನು ಸಾದಾ. ಹಾರಿದರೆ ರೆಡ್‌ಶ್ಯಾಂಕ್‌ನ ರೆಕ್ಕೆಯ ಹಿಂದಿನ ಅಂಚಲ್ಲಿ ಅಗಲ ಬಿಳಿ ಪಟ್ಟಿ, ರಫ್‌ಗೆ ಬಾಲದ ಎರಡು ಬದಿ ಮೊಟ್ಟೆಯಾಕಾರದ ಬಿಳಿ ಮಚ್ಚೆ. ಗುಂಪಿಗೆ ಇಷ್ಟು ಬರೆದು ಹಾಕಿ.

ದೂರದ ಹಕ್ಕಿ, ಮಸುಕಾಗಿತ್ತು. ಎನ್‌ಹಾನ್ಸ್ ಮಾಡುವ ಆ್ಯಪ್‌ಗೆ ಹಾಕಿದೆ. ಗರಿ ಗರಿಯೂ ಕಾಣುವಂತಾಯಿತು. ಈಗ ಹೇಳಿ, ಇದು ಯಾವುದು?
ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಹೇಳಲಾರೆ. ಯಾಕೆಂದರೆ ಆ ಗರಿಗಳು ಹಕ್ಕಿಯವಲ್ಲ. ಆ್ಯಪ್ ಲಕ್ಷಾಂತರ ಫೋಟೋ ನೋಡಿ ಕಲಿತಿದೆ, ಹಕ್ಕಿ ಅಂದರೆ ಇಂಥ ಗರಿ ಇರುತ್ತದೆ ಅಂತ ಊಹಿಸಿ ತುಂಬಿಸಿದೆ. ನಿಮ್ಮ ಮೂಲ ಫೋಟೋದಲ್ಲಿ ಬೆನ್ನು ಒಂದು ಕಂದು ಮುದ್ದೆ. ಹೊಸದರಲ್ಲಿ ವುಡ್ ಸ್ಯಾಂಡ್‌ಪೈಪರ್‌ನ ಚುಕ್ಕೆ ಬಂದಿದೆ, ಕಾಲಿಗೆ ನಾಲ್ಕನೆಯ ಗಂಟೂ ಬಂದಿದೆ! ಅಜ್ಜಿಯ ಹಳೆಯ ಫೋಟೋ ಇಂಥದರಲ್ಲಿ ಹಾಕಿ ತಂದು "ಫ್ರೇಮ್ ಹಾಕಿಕೊಡಿ" ಅನ್ನುವವರು ಸ್ಟುಡಿಯೋಗೆ ದಿನಾ ಬರುತ್ತಾರೆ. ಅದು ಅವರ ಇಷ್ಟ, ಗೋಡೆಗೆ ಚೆಂದ. ಹಕ್ಕಿಯ ಹೆಸರು ಹೇಳಲು ಮಾತ್ರ ಇದು ಸುಳ್ಳು ಸಾಕ್ಷಿ.

ಇನ್ನೊಂದು ವಿಷಯ ಇದೆ. ಏನೂ ಹಾಕದಿದ್ದರೂ ಫೋನುಗಳು ತಾವೇ ಶಾರ್ಪ್ ಮಾಡುತ್ತವೆ. ಅಂಚಿನಲ್ಲಿ ಬಿಳಿ ಗೆರೆ ಹುಟ್ಟುತ್ತದೆ. ಆ ಬಿಳಿ ಗೆರೆಯನ್ನೇ ಜನ ಹುಬ್ಬು ಅನ್ನುತ್ತಾರೆ. ಕ್ಯಾಮೆರಾ ಇದ್ದರೆ ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್, ಇಡಿ. ಫೋನ್ ಆದರೆ ಡಿಜಿಟಲ್ ಝೂಮ್ ಮಾಡಬೇಡಿ, ಬೈನಾಕ್ಯುಲರ್‌ಗೆ ಫೋನ್ ಹಿಡಿದು ತೆಗೆದದ್ದು ಎಷ್ಟೋ ವಾಸಿ.

ನಿಮ್ಮ ಮೂಲ ಫೋಟೋ ನಿಜವಾಗಿ ಅಷ್ಟು ಕೆಟ್ಟದಿಲ್ಲ. ಬೆನ್ನು ಮುದ್ದೆಯಾದರೂ ಮೈಯ ಹೊರರೇಖೆ ಸರಿಯಾಗಿದೆ. ಬಾಲ ರೆಕ್ಕೆಯಿಂದ ಆಚೆ ಬಂದಿದೆ, ಹೆಗಲ ಮುಂದೆ ಬಿಳಿ ಮೂಲೆ ಇದೆ. ಮೇಲಿನ ತಂಗಿಯ ಉತ್ತರ ಓದಿ, ಹೆಸರು ನೀವೇ ಬರೆದುಕೊಳ್ಳಿ.

ಸೂಳೆಕೆರೆಯ ಹಿಂಭಾಗದ ಜೊಂಡಿನಿಂದ ಕಾಲಬುಡದಲ್ಲೇ ಎದ್ದು ಹಾರಿತು. ನಾಲ್ಕು ಫೋಟೋ ಸಿಕ್ಕಿವೆ, ಎಲ್ಲ ಶೇಕ್. ಸ್ನೈಪ್ ಅಂತ ಗೊತ್ತು, ಯಾವ ಸ್ನೈಪ್? ಜನವರಿಯ ನೀರುಹಕ್ಕಿ ಎಣಿಕೆಗೆ ಬರೆಯಬೇಕಿತ್ತು.
ಓದುಗರು, ಚನ್ನಗಿರಿ

ಈ ತಿಂಗಳ ಒಳ್ಳೆಯ ಫೋಟೋಗಳು ಇವೇ. ತಮಾಷೆ ಅಲ್ಲ.

ಕೂತ ಸ್ನೈಪ್ ಆಗಿದ್ದರೆ ಕಷ್ಟ ಇತ್ತು. ಕಾಮನ್ ಸ್ನೈಪ್‌ಗೆ ಹೆಗಲ ಗರಿಗಳ ಹೊರ ಅಂಚು ಅಗಲ ಕೆನೆಬಣ್ಣ, ಒಳ ಅಂಚು ಸಣ್ಣ. ಪಿನ್‌ಟೇಲ್ಡ್ ಸ್ನೈಪ್‌ಗೆ ಎರಡೂ ಅಂಚು ಹೆಚ್ಚು ಕಡಿಮೆ ಸಮ. ಪಿನ್‌ಟೇಲ್ಡ್‌ಗೆ ಕೊಕ್ಕಿನ ಬುಡದ ಹತ್ತಿರ ತಿಳಿ ಹುಬ್ಬು ಕಣ್ಣಿನ ಕಪ್ಪು ಪಟ್ಟಿಗಿಂತ ಅಗಲ. ಕಾಮನ್‌ಗೆ ಬಾಲ ಉದ್ದ. ಇದಕ್ಕೆಲ್ಲ ಹಕ್ಕಿ ಹತ್ತಿರ, ಸ್ಪಷ್ಟವಾಗಿ, ಬದಿಯಿಂದ ಸಿಗಬೇಕು. ಹುಲ್ಲಿನಲ್ಲಿ ಅಡಗಿದ ಸ್ನೈಪ್ ಅಷ್ಟು ಉಪಕಾರ ಮಾಡುವುದು ಅಪರೂಪ.

ಹಾರುವ ಫೋಟೋದಲ್ಲಿ ಎರಡೇ ಜಾಗ ನೋಡಿ. ಒಂದು, ರೆಕ್ಕೆಯ ಹಿಂದಿನ ಅಂಚು. ಕಾಮನ್‌ಗೆ ಅಲ್ಲಿ ಅಚ್ಚ ಬಿಳಿ ಗೆರೆ ಇದೆ, ಶೇಕ್ ಆದರೂ ಹೊಳೆಯುತ್ತದೆ. ಎರಡು, ರೆಕ್ಕೆಯ ಅಡಿ. ಕಾಮನ್‌ಗೆ ನಡುವೆ ಬಿಳಿ ಪಟ್ಟೆ ಕಾಣುತ್ತದೆ, ಪಿನ್‌ಟೇಲ್ಡ್‌ಗೆ ಅಡಿಯೆಲ್ಲ ಒಂದೇ ಸಮ ಕಪ್ಪು ಗೀರು. ನಿಮ್ಮ ಎರಡನೆಯ ಫೋಟೋದಲ್ಲಿ ಹಿಂದಿನ ಅಂಚಿಗೆ ಬಿಳಿ ಇಲ್ಲ. ಮೂರನೆಯದರಲ್ಲಿ ಅಡಿ ಕಪ್ಪು. ನಾಲ್ಕನೆಯದರಲ್ಲಿ ಕಾಲಿನ ಬೆರಳು ಬಾಲದಿಂದ ಚೆನ್ನಾಗಿ ಹೊರಗೆ ಬಂದಿದೆ, ಅದೂ ಪಿನ್‌ಟೇಲ್ಡ್ ಕಡೆಗೇ. ಒಂದೇ ಫೋಟೋ ಕಳಿಸಿದ್ದರೆ, ಅದೂ ನೀವು ಚೆಂದ ಅಂತ ಆರಿಸಿದ ಮೊದಲನೆಯದನ್ನು ಕಳಿಸಿದ್ದರೆ, ಇದರಲ್ಲಿ ಒಂದನ್ನೂ ಹೇಳಲು ಆಗುತ್ತಿರಲಿಲ್ಲ.

ಆದರೂ ಪೂರ್ತಿ ಪಿನ್‌ಟೇಲ್ಡ್ ಅಂತ ಬರೆಯಬೇಡಿ. ಸ್ವಿನ್‌ಹೋಸ್ ಸ್ನೈಪ್ ಅಂತ ಇನ್ನೊಂದಿದೆ. ಹಾರುವ ಫೋಟೋದಲ್ಲಿ ಅದೂ ಹೀಗೇ. ಬಾಲದ ಗರಿ ಪೂರ್ತಿ ಬಿಚ್ಚಿದಾಗ ಮಾತ್ರ ಬೇರೆ ಮಾಡಬಹುದು. ಪಿನ್‌ಟೇಲ್ಡ್‌ಗೆ ಸಾಮಾನ್ಯವಾಗಿ 24ರಿಂದ 28 ಗರಿ, ಅಂಚಿನವು ಸೂಜಿಯಷ್ಟು ಸಣ್ಣ. ಸ್ವಿನ್‌ಹೋಸ್‌ಗೆ 20-22ರ ಆಸುಪಾಸು, ಅಂಚಿನವು ಅಷ್ಟು ಸಣ್ಣ ಅಲ್ಲ. ನೀವು ಹೇಳಿದ ಎಣಿಕೆ, ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್, 1987ರಿಂದ ಪ್ರತಿ ಜನವರಿ ನಡೆಯುತ್ತಿದೆ. ಅಲ್ಲಿ ಬೇಕಿರುವುದು ನಂಬಬಹುದಾದ ಲೆಕ್ಕ. ಕಂಡ ಹಕ್ಕಿ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲೂ ಪಿನ್‌ಟೇಲ್ಡ್ ಮತ್ತು ಸ್ವಿನ್‌ಹೋಸ್ ಸೇರಿಸಿ ಜೋಡಿ ಹೆಸರು ಇದೆ. ಅದನ್ನೇ ಬರೆಯಿರಿ. ನಾಲ್ಕೂ ಫೋಟೋ ಅದಕ್ಕೇ ಲಗತ್ತಿಸಿ.

ಈ ಸ್ನೈಪ್‌ಗಳು ಏಪ್ರಿಲ್‌ವರೆಗೆ ಇರುತ್ತವೆ. ಬೆಳಿಗ್ಗೆ ಜೊಂಡಿನ ಅಂಚಲ್ಲಿ ಗರಿ ತೀಡುತ್ತಾ ಬಾಲ ಬಿಚ್ಚುವುದುಂಟು. ಏರಿಯ ಕಡೆಯಿಂದ ದೂರದಲ್ಲಿ ಕೂತು ಕಾಯಿರಿ, ಒಳಗೆ ನುಗ್ಗಿ ಎಬ್ಬಿಸಬೇಡಿ. ಬಾಲದ ಫೋಟೋ ಸಿಕ್ಕರೆ ಕ್ರಾಪ್ ಮಾಡದೆ, ಫಿಲ್ಟರ್ ಹಾಕದೆ, ತೆಗೆದ ತಾರೀಕಿನ ಜೊತೆ ಕಳಿಸಿ. ಗರಿ ನಾನು ಎಣಿಸುತ್ತೇನೆ.